‘ಯುದ್ಧತ್ಯಾಗ’ವೋ ‘ಯುದ್ಧವರ್ಜನೆ’ಯೋ?

ಎಲ್ಲರಿಗೂ ನಮಸ್ಕಾರ.

1928ರ ಆಗಸ್ಟ್ 27ರಂದು ಪ್ಯಾರಿಸ್‌ನಲ್ಲಿ ಸಹಿಯಾದ ಕೆಲಾಗ್–ಬ್ರಿಯಾಂ ಒಪ್ಪಂದದ ಬಗ್ಗೆ ಬರೆಯುತ್ತಿದ್ದೇನೆ. ರಾಷ್ಟ್ರನೀತಿಯ ಸಾಧನವಾಗಿ ಯುದ್ಧವನ್ನು ಇನ್ನು ಬಳಸುವುದಿಲ್ಲ ಎಂದು ಅಂದು 15 ದೇಶಗಳ ಹೆಸರಿನಲ್ಲಿ ಮಾತು ಕೊಡಲಾಯಿತು. (ಭಾರತದ ಹೆಸರಿನಲ್ಲೂ ಒಂದು ಸಹಿ ಇದೆ. ಹಾಕಿದವರು ಬ್ರಿಟನ್ನಿನ ಲಾರ್ಡ್ ಕುಶೆಂಡನ್.) ಇದಕ್ಕೆ ಕನ್ನಡದಲ್ಲಿ ಸಲೀಸಾಗಿ ಬಾಯಿಗೆ ಬರುವುದು ‘ಯುದ್ಧತ್ಯಾಗ’. ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಮಾತಿಗೆ ಬಂದಾಗ ಆ ಪದ ಕೈಕೊಡುತ್ತದೆ.

ಇಟಲಿಯೂ ಸಹಿ ಹಾಕಿತ್ತು. ಆದರೆ ಅದೇ ಡಿಸೆಂಬರ್‌ನಲ್ಲಿ ಮುಸೊಲಿನಿ ಸಂಸತ್ತಿನಲ್ಲಿ ಆ ಒಪ್ಪಂದವನ್ನು ಭವ್ಯವೆಂದ, ಲೋಕಾತೀತವೆಂದೂ ಕರೆಯಬಹುದು ಎಂದು ಕುಟುಕಿದ. ಜಗತ್ತೆಲ್ಲ ಶಸ್ತ್ರ ಕೂಡಿಸುತ್ತಿದೆ ಎಂದ. 1932ರಲ್ಲಿ ಇಟಲಿಯ ವಿಶ್ವಕೋಶದಲ್ಲಿ ಅವನ ಹೆಸರಿನಲ್ಲಿ ಬಂದ ‘ಫ್ಯಾಸಿಸಂ’ ಲೇಖನದಲ್ಲಿ ಮುಚ್ಚುಮರೆ ಇಲ್ಲ. ಶಾಶ್ವತ ಶಾಂತಿ ಸಾಧ್ಯವೂ ಅಲ್ಲ, ಉಪಯುಕ್ತವೂ ಅಲ್ಲ. ಶಾಂತಿವಾದದ ಒಳಗೆ ಅಡಗಿರುವುದು ಹೋರಾಟದ ‘ರಿನೂಂಚ’ ಮತ್ತು ‘ಸಾಕ್ರಿಫೀಚೊ’ ಎದುರಿನ ಹೇಡಿತನ ಎನ್ನುತ್ತದೆ ಅದು.

ತೊಡಕು ಇಲ್ಲಿದೆ. ‘ರಿನೂಂಚ’ ಎಂದರೆ ಬಿಟ್ಟುಬಿಡುವುದು; ಒಪ್ಪಂದದ ಫ್ರೆಂಚ್ ಪಠ್ಯದ ಕ್ರಿಯಾಪದವೂ ಇದೇ ಮೂಲದ್ದು. ‘ಸಾಕ್ರಿಫೀಚೊ’ ಎಂದರೆ ಬಲಿದಾನ. ನಮ್ಮ ‘ತ್ಯಾಗ’ ಇವೆರಡನ್ನೂ ಹೊರುತ್ತದೆ. ಅವನು ಎದುರುಬದುರು ನಿಲ್ಲಿಸಿದ ಎರಡು ಪದಗಳು ಕನ್ನಡದಲ್ಲಿ ಒಂದೇ ಆಗಿಬಿಡುತ್ತವೆ. ಸಾಲದ್ದಕ್ಕೆ, ‘ತ್ಯಾಗ ಬಲಿದಾನ’ ಎಂಬ ಜೋಡಿಪದ ಕೇಳಿ ಬೆಳೆದ ಕಿವಿಗೆ ‘ಯುದ್ಧತ್ಯಾಗ’ ಎಂದರೆ ಯುದ್ಧದಲ್ಲಿ ಮಾಡಿದ ತ್ಯಾಗ ಎಂದೂ ಕೇಳಿಸೀತು. ಅದು ಒಪ್ಪಂದದ ಪಕ್ಷದ್ದಲ್ಲ, ಮುಸೊಲಿನಿಯ ಪಕ್ಷದ ಅರ್ಥ!

‘ವರ್ಜನೆ’ ನನಗೆ ಹೆಚ್ಚು ಒಪ್ಪಿಗೆ. ‘ಮದ್ಯವರ್ಜನ’ದಿಂದಾಗಿ ಎಲ್ಲರಿಗೂ ಗೊತ್ತಿರುವ ಪದ, ಕೆಟ್ಟದ್ದೆಂದು ತಿಳಿದು ದೂರವಿಡುವ ಭಾವವೂ ಇದೆ. ಆದರೆ ‘ಹೋರಾಟವರ್ಜನೆ’ ಎಂದರೆ ಅವನ ಮಾತಿನ ತಿರಸ್ಕಾರ ಮಾಯವಾಗುತ್ತದೆ. ‘ಕೈಬಿಡು’ ತಿರಸ್ಕಾರಕ್ಕೆ ಹೊಂದುತ್ತದೆ, ಒಪ್ಪಂದದ ಗಾಂಭೀರ್ಯಕ್ಕೆ ಸಾಲದು. ಎರಡು ಕಡೆ ಎರಡು ಪದ ಬಳಸಲು ಮನಸ್ಸಿಲ್ಲ. ತಾನು ಸಹಿ ಹಾಕಿಸಿದ ಒಪ್ಪಂದದ ತಿರುಳಾದ ಮಾತನ್ನೇ ಅವನು ಹೇಡಿತನದ ಜೊತೆಗೆ ಸೇರಿಸಿ ಹಳಿದ ಎಂಬುದು ಓದುಗರಿಗೆ ಕಾಣಬೇಕು. 1935ರಲ್ಲಿ, ಅದೇ ಒಪ್ಪಂದಕ್ಕೆ ಸೇರಿದ್ದ ಇಥಿಯೋಪಿಯದ ಮೇಲೆ ಅವನ ಸೇನೆ ನುಗ್ಗಿತು.

ಆಸ್ತಿಯ ‘ಹಕ್ಕು ಬಿಡುಗಡೆ ಪತ್ರ’ದ ಹಾಗೆ, ಹೊಗಳಿಕೆಯೂ ತೆಗಳಿಕೆಯೂ ಅಂಟದ ಪದ ಕಾನೂನು ಅನುವಾದದಲ್ಲಿ ಬಳಕೆಯಲ್ಲಿದೆಯೆ? ಬಲ್ಲವರು ಪ್ರಯೋಗದ ಸಮೇತ ತಿಳಿಸಿ.