ಹಾರ್ಮೋನಿಯಂ ಕೈಗೆ ಪಿಯಾನೋ: ದಿನಕ್ಕೆ ಮುಕ್ಕಾಲು ಗಂಟೆ ಇದ್ದರೆ ಏನು ನುಡಿಸೋದು?

ಕೇಳಿದವರು, ಗಂಗಾವತಿ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಟೀಚರ್. ಚಿಕ್ಕಂದಿನಿಂದ ಭಜನೆಗೆ ಹಾರ್ಮೋನಿಯಂ ಬಾರಿಸಿದ ರೂಢಿ ಇದೆ. ಈಗ 88 ಕೀ ಇರುವ ಡಿಜಿಟಲ್ ಪಿಯಾನೋ ತೊಗೊಂಡಿದ್ದೇನೆ. ಆನ್‌ಲೈನ್ ಪಾಠ ವಾರಕ್ಕೊಮ್ಮೆ. ಸ್ಟಾಫ್ ನೊಟೇಶನ್ (ಗೆರೆಗಳ ಮೇಲೆ ಬರೆಯುವ ವೆಸ್ಟರ್ನ್ ಸ್ವರಲಿಪಿ) ನಿಧಾನಕ್ಕೆ ಓದಲು ಬರುತ್ತದೆ. ಬೆಳಿಗ್ಗೆ ಅಡುಗೆಗೆ ಮುಂಚೆ ಮುಕ್ಕಾಲು ಗಂಟೆ ಸಿಗುತ್ತದೆ, ಅಷ್ಟೇ. ಬಲಗೈ ಓಡುತ್ತದೆ, ಎಡಗೈ ಏಳೋದೇ ಇಲ್ಲ. ಇರುವ ಸಮಯ ಹೇಗೆ ಹಂಚಿಕೊಳ್ಳಲಿ? ವೆಸ್ಟರ್ನ್ ಕ್ಲಾಸಿಕಲ್‌ನಲ್ಲಿ ನನ್ನಂಥವರಿಗೆ ಯಾವ ಕೃತಿಗಳು ಹೊಂದುತ್ತವೆ? ದಿನಾ ಕೂತು ನುಡಿಸುವವರು ನಿಮ್ಮ ಅನುಭವ ಹೇಳಿ.

ಬಳ್ಳಾರಿ, ಕೌಲ್ ಬಜಾರ್

ಅಕ್ಕಾ, ನಾನೂ ಹಾರ್ಮೋನಿಯಂ ಕಡೆಯಿಂದಲೇ ಬಂದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡ್ಕೋಬೇಡಿ.

ಎಡಗೈ ಇಷ್ಟು ವರ್ಷ ತಿದಿ ಒತ್ತಿಕೊಂಡು ಕೂತಿತ್ತು. ಅದರ ಬೆರಳುಗಳಿಗೆ ಕೆಲಸವೇ ಇರಲಿಲ್ಲ, ಇನ್ನು ಏಳೋದು ಎಲ್ಲಿಂದ? ಇದಕ್ಕೆ ಎಲ್ಲರೂ ಬೇರೆ ಎಕ್ಸರ್‌ಸೈಜ್ ಹೇಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಎಡಗೈಯೇ ಹಾಡುವ ಕೃತಿಗಳು. ಜರ್ಮನ್ ಸಂಯೋಜಕ ಶೂಮನ್ 1848ರಲ್ಲಿ ಬರೆದ 'ಆಲ್ಬಂ ಫಾರ್ ದಿ ಯಂಗ್'ನಲ್ಲಿ 43 ಪುಟ್ಟ ಕೃತಿಗಳಿವೆ. ಹತ್ತನೆಯದು 'ಹ್ಯಾಪಿ ಫಾರ್ಮರ್'. ಅದರಲ್ಲಿ ಹಾಡು ಎಡಗೈದು, ಬಲಗೈ ಹೆಚ್ಚಾಗಿ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಕೊಡುತ್ತಾ ಹೋಗುತ್ತದೆ. ಬಲಗೈಗೆ ಸುಮ್ನೆ ಹಿಂದೆ ನಿಲ್ಲುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತಾಗುತ್ತದೆ! ಅದೇ ಪುಸ್ತಕದ ಎಂಟನೆಯದು 'ವೈಲ್ಡ್ ಹಾರ್ಸ್‌ಮನ್'. ಮೊದಲು ಬಲಗೈ ಓಡುತ್ತದೆ, ನಡುವೆ ಅದೇ ಓಟ ಎಡಗೈಗೆ ಬರುತ್ತದೆ. ಬುರ್ಗ್‌ಮ್ಯೂಲರ್‌ನ ಓಪಸ್ (ಕೃತಿಸಂಖ್ಯೆ) 100ರಲ್ಲಿ ಎರಡನೆಯದು, 'ಅರಬೆಸ್ಕ್', ಅದೂ ಇದೇ ಜಾತಿಯದು.

ಆದರೆ ನಮ್ಮಂಥವರಿಗೆ ದೊಡ್ಡ ತೊಡಕು ಇರೋದು ಬಲಗೈಯಲ್ಲಿ. ಓಡುತ್ತದೆ ಅಂತ ನಾವು ಅದನ್ನು ನಂಬಿಬಿಡುತ್ತೇವೆ. ಹಾರ್ಮೋನಿಯಂನಲ್ಲಿ ಜೋರು, ಮೆತ್ತಗೆ ಎಲ್ಲ ಗಾಳಿಯ ಕೆಲಸ. ಕೀ ಎಷ್ಟು ಗಟ್ಟಿ ಒತ್ತಿದರೂ ದನಿ ಅಷ್ಟೇ, ಬೆರಳು ಎತ್ತುವತನಕ ಸ್ವರ ನಿಂತಿರುತ್ತದೆ. ಪಿಯಾನೋದಲ್ಲಿ ಕೀ ಎಷ್ಟು ವೇಗವಾಗಿ ಇಳಿಯಿತೋ ಅಷ್ಟು ದನಿ. ಹುಟ್ಟಿದ ಕ್ಷಣದಿಂದ ಅದು ಕರಗುತ್ತಾ ಹೋಗುತ್ತದೆ. ಹಾಗಾಗಿ ನಿಧಾನದ ಕೃತಿ ಸುಲಭ ಅಂದುಕೊಳ್ಳಬೇಡಿ.

ಶೊಪಾನ್‌ನ ಓಪಸ್ 28ರಲ್ಲಿ ನಾಲ್ಕನೇ ಪ್ರಿಲ್ಯೂಡ್ (ಒಂದು ಪುಟ್ಟ ಕೃತಿ) ತೆಗೆದು ನೋಡಿ. ಇ ಮೈನರ್, ಒಟ್ಟು 25 ಬಾರ್ (ನಮ್ಮ ತಾಳದ ಆವರ್ತದಂಥ ತುಂಡುಗಳು). 1849ರಲ್ಲಿ ಶೊಪಾನ್ ತೀರಿಕೊಂಡಾಗ ಪ್ಯಾರಿಸ್‌ನ ಚರ್ಚಿನಲ್ಲಿ ಇದನ್ನು ಆರ್ಗನ್ ಮೇಲೆ ನುಡಿಸಿದ್ದರು. ಇ ಸ್ವರವನ್ನು ಷಡ್ಜ ಅಂದುಕೊಳ್ಳಿ. ಶುರುವಿನ ಎತ್ತುಗಡೆ ಬಿಟ್ಟರೆ ಮೊದಲ ಮೂರು ಬಾರ್‌ನಲ್ಲಿ ಬಲಗೈಗೆ ಇರೋದು ಪ, ಕೋಮಲ ಧ, ಮತ್ತೆ ಪ, ಮತ್ತೆ ಧ. ಆರ್ಗನ್‌ನಲ್ಲೋ ಹಾರ್ಮೋನಿಯಂನಲ್ಲೋ ಇದು ಏನೂ ಅಲ್ಲ. ಪಿಯಾನೋದಲ್ಲಿ ಮೂರು ಮಾತ್ರೆ ಎಳೆಯುವಷ್ಟರಲ್ಲಿ ಪ ಸೊರಗಿರುತ್ತದೆ. ಆಮೇಲೆ ಧ ಹೊಸದಾಗಿ ಗಟ್ಟಿಯಾಗಿ ಬಿದ್ದರೆ ಹಾಡು ತುಂಡಾಯಿತು. ಸೊರಗಿದ ಪ ಎಷ್ಟು ಉಳಿದಿದೆಯೋ ಕಿವಿಯಲ್ಲಿ ಅಳೆದು, ಅಷ್ಟೇ ದನಿಯಲ್ಲಿ ಧ ಇಡಬೇಕು. ಕೆಳಗೆ ಎಡಗೈ ಬಾರಿಗೆ ಎಂಟು ಸಲ ಕಾರ್ಡ್ ಮಿಡಿಯುತ್ತಿರುತ್ತದೆ, ಅದು ಇನ್ನೂ ಮೆತ್ತಗೆ. ಆ ಕಾರ್ಡ್‌ಗಳನ್ನು ಬಾಯಿಪಾಠ ಮಾಡೋಕೆ ಹೋಗಬೇಡಿ. ಹೆಚ್ಚಿನ ಕಡೆ ಒಂದೋ ಎರಡೋ ಬೆರಳು ಅರ್ಧ ಸ್ವರ ಕೆಳಗೆ ಜಾರುತ್ತವೆ, ಉಳಿದವು ಇದ್ದಲ್ಲೇ ಇರುತ್ತವೆ. ಜಾರುವ ಸ್ವರಕ್ಕೆ ಮಾತ್ರ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ.

ಸಮಯದ ವಿಚಾರ. ಬೆಳಿಗ್ಗೆ ತಲೆ ಚುರುಕಾಗಿರುತ್ತದೆ, ಅದನ್ನು ಸ್ಕೇಲ್ (ಆರೋಹ ಅವರೋಹ) ಮೇಲೆ ಖರ್ಚು ಮಾಡಬೇಡಿ. ಕೂತ ಕೂಡಲೇ ಹೊಸ ಕೃತಿಯ ನಾಲ್ಕೇ ಬಾರ್ ತೆಗೆದುಕೊಳ್ಳಿ. ಬೇರೆ ಬೇರೆ ಕೈ, ಆಮೇಲೆ ಎರಡೂ ಕೈ, ತಪ್ಪು ಬರದಷ್ಟು ನಿಧಾನ. ಅರ್ಧ ಸಮಯ ಅದಕ್ಕೇ ಹೋಗಲಿ. ಕೊನೆಯ ಹತ್ತು ನಿಮಿಷ ಮಾತ್ರ ಬರುವ ಹಳೆಯದನ್ನು ಎಲ್ಲೂ ನಿಲ್ಲಿಸದೆ ನುಡಿಸಿ, ತಪ್ಪಿದರೂ ಮುಂದೆ ಹೋಗಿ. ಎರಡು ಮೂರು ಕೃತಿಗಳಾದರೂ ಯಾವತ್ತೂ ಕೈಯಲ್ಲಿ ಸಿದ್ಧವಾಗಿರಬೇಕು. ಇಲ್ಲದಿದ್ದರೆ ಮನೆಗೆ ಬಂದವರು 'ಏನಾದರೂ ನುಡಿಸಿ' ಅಂದಾಗ ಎಲ್ಲವೂ ಅರ್ಧಂಬರ್ಧ.

ರಾಯಚೂರು, ಶಕ್ತಿನಗರ

ನಂದು ಶಿಫ್ಟ್ ಕೆಲಸ. ದಿನಾ ಇದೇ ಹೊತ್ತು ಅಂತ ಇಟ್ಟುಕೊಳ್ಳೋಕೆ ಆಗೋದೇ ಇಲ್ಲ. ಗಡಿಯಾರ ಬಿಟ್ಟು ಚಹಾಕ್ಕೆ ಗಂಟು ಹಾಕಿಕೊಂಡಿದ್ದೇನೆ. ಎದ್ದ ಮೇಲಿನ ಚಹಾ ಮುಗಿದ ಕೂಡಲೇ ಕಾಲು ಗಂಟೆ, ಡ್ಯೂಟಿಯಿಂದ ಬಂದು ಕಾಲು ಗಂಟೆ. ಒಂದೇ ಸಲ ಅರ್ಧ ಗಂಟೆ ಕೂರೋದಕ್ಕಿಂತ ಇದು ಚೆನ್ನಾಗಿ ಕೂಡಿಬರುತ್ತದೆ.

ಇನ್ನೊಂದು ಮಾತು. ಹೆಡ್‌ಫೋನ್ ಹಾಕಿದರೆ ಯಾರಿಗೂ ಕೇಳಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ತೂಕದ ಕೀ ಇರುವ ಪಿಯಾನೋದಲ್ಲಿ ಕೀ ತಳಕ್ಕೆ ಬಡಿಯುವ ಟಕಟಕ ಸದ್ದು ಸ್ಟ್ಯಾಂಡ್ ಮೂಲಕ ನೆಲಕ್ಕೆ ಇಳಿಯುತ್ತದೆ. ಕೆಳಗಿನ ಮನೆಯವರು ಬಂದು ಕೇಳಿದ ಮೇಲೆ ಸ್ಟ್ಯಾಂಡ್ ಕಾಲಿನಡಿ ದಪ್ಪ ರಬ್ಬರ್ ಮ್ಯಾಟ್ ಹಾಕಿದೆ. ಈಗ ಪರವಾಗಿಲ್ಲ. ಕರೆಂಟ್ ಹೋದರೆ ಚಿಂತೆ ಬೇಡ, ಇದು ಎಳೆಯೋದು ಬಹಳ ಕಡಿಮೆ, ಮನೆಯ ಇನ್ವರ್ಟರ್ ಧಾರಾಳ ಸಾಕು.

ಬಳ್ಳಾರಿ, ಮನೆಯಲ್ಲಿ ಪಾಠ ಹೇಳುವವರು

ತಂಗೀ, ಮೇಲೆ ಕೌಲ್ ಬಜಾರ್ ತಮ್ಮ ಬರೆದದ್ದು ಬಹುಪಾಲು ಸರಿ. ಎರಡು ವಿಷಯ ಮಾತ್ರ ನಾನು ಒಪ್ಪಲ್ಲ.

ಒಂದು, ಶೊಪಾನ್ ಈಗಲೇ ಬೇಡ. ಆ ಪ್ರಿಲ್ಯೂಡ್‌ನಲ್ಲಿ ಎಡಗೈಗೆ ಬರೀ ಕಾರ್ಡ್. ನಿನಗೆ ಬೇಕಾಗಿರೋದು ಎಡಗೈ ತನ್ನದೇ ದಾರಿ ಹಿಡಿದು ನಡೆಯೋದು. ಅದಕ್ಕೆ ಬಾಕ್ ಕಡೆ ಹೋಗು. ಬಾಕ್ 1725ರಲ್ಲಿ ಹೆಂಡತಿ ಆನಾ ಮ್ಯಾಗ್ಡಲೀನಾಗೆ ಕೊಟ್ಟ ಪುಸ್ತಕದಲ್ಲಿ ಜಿ ಮೇಜರ್ ಮಿನುಯೆಟ್ (ಒಂದು ಬಗೆಯ ನೃತ್ಯದ ಕೃತಿ) ಇದೆ, ಎಲ್ಲರೂ ಕೇಳಿರುತ್ತೀರಿ. ಬಹಳ ಕಾಲ ಬಾಕ್‌ದೇ ಅಂತಿದ್ದರು, ನಿಜಕ್ಕೂ ಅದು ಕ್ರಿಸ್ಟಿಯಾನ್ ಪೆಟ್ಜೋಲ್ಡ್ ಬರೆದದ್ದು. ಮೂರು ಮಾತ್ರೆಯ ನಡೆ, ದಾದ್ರಾ ಬಾರಿಸಿದ ಕೈಗೆ ಬೇಗ ಒಗ್ಗುತ್ತದೆ. ಅಲ್ಲಿಂದ ಮುಂದೆ ಬಾಕ್‌ನ ಇನ್ವೆನ್ಷನ್‌ಗಳು, ಎರಡು ದನಿಯ ಪುಟ್ಟ ಕೃತಿಗಳು. ಒಟ್ಟು 15. ಮೊದಲನೆಯದು ಸಿ ಮೇಜರ್‌ನಲ್ಲಿ 22 ಬಾರ್. ಬಲಗೈ ಹೇಳಿದ ಮಾತನ್ನು ಎಡಗೈ ಹಿಂದೆಯೇ ಹೇಳುತ್ತದೆ. ಸಂಗತ್ ಮಾಡುವ ಹಾರ್ಮೋನಿಯಂನವರು ಗಾಯಕರ ಹಿಂದೆ ಹೋಗುತ್ತಾರಲ್ಲ, ಹಾಗೆ. 1723ರ ಪ್ರತಿಗೆ ಬರೆದ ಮುನ್ನುಡಿಯಲ್ಲಿ ಬಾಕ್, ವಾದ್ಯದ ಮೇಲೆ ಪ್ರೀತಿ ಇರುವವರು ಎರಡು ದನಿಗಳನ್ನು ಸ್ವಚ್ಛವಾಗಿ, ಹಾಡುವ ಹಾಗೆ ನುಡಿಸೋದನ್ನು ಕಲಿಯಲಿ ಅಂತಲೇ ಹೇಳಿದ್ದಾನೆ. ನಮ್ಮಂಥ ಹವ್ಯಾಸಿಗಳಿಗೇ ಬರೆದ ಹಾಗಿದೆ, ಅಲ್ವಾ?

ಎರಡು, ಸ್ಕೇಲ್ ಬಿಡಬೇಡ. 12 ಸ್ಕೇಲೂ ದಿನಾ ಬೇಡ. ಕೈಯಲ್ಲಿರುವ ಕೃತಿ ಯಾವ ಸ್ಕೇಲ್‌ನದೋ ಅದೊಂದು, ಎರಡು ಕೈಯಲ್ಲೂ, ಐದು ನಿಮಿಷ. ಹ್ಯಾನನ್ ಪುಸ್ತಕದ 60 ಎಕ್ಸರ್‌ಸೈಜ್ ಅಂತ ಯಾರಾದರೂ ಹೇಳಿದರೆ ಮೊದಲ ನಾಲ್ಕೈದು ಸಾಕು. ದೊಡ್ಡವರು ಅದನ್ನು ಟಿವಿ ನೋಡುತ್ತಾ ಬಾರಿಸುತ್ತಾರೆ. ಕಿವಿ ಇಲ್ಲದ ರಿಯಾಜ್ ಯಾಕೆ ಬೇಕು?

ಬೆರಳಿನ ನಂಬರ್ ಬಗ್ಗೆ ಯಾರೂ ಹೇಳಲಿಲ್ಲ. ಹಾರ್ಮೋನಿಯಂನಿಂದ ಬಂದವರನ್ನು ನಾನು ದೂರದಿಂದಲೇ ಗುರುತಿಸುತ್ತೇನೆ. ಕಿರುಬೆರಳು ಮೇಲೆ ಎದ್ದು ನಿಂತಿರುತ್ತದೆ, ಎಲ್ಲ ಕೆಲಸ ನಡುವಿನ ಮೂರು ಬೆರಳಿನದು. ಹೆಬ್ಬೆರಳು 1, ಕಿರುಬೆರಳು 5. ಪುಸ್ತಕದಲ್ಲಿ ಕೊಟ್ಟ ನಂಬರ್ ಹೊಂದದಿದ್ದರೆ ಬದಲಾಯಿಸು, ಆದರೆ ಬದಲಾಯಿಸಿದ್ದನ್ನು ಬರೆದಿಡು. ಇವತ್ತು ಒಂದು ಬೆರಳು, ನಾಳೆ ಇನ್ನೊಂದು ಆದರೆ ಕೈ ಏನನ್ನೂ ನೆನಪಿಟ್ಟುಕೊಳ್ಳಲ್ಲ.

ಸಿಂಧನೂರು

ನನ್ನ ಹತ್ತಿರ ಇರೋದು 61 ಕೀ ಕ್ಯಾಸಿಯೋ. ಅದರಲ್ಲೇ ಕಲಿಯುತ್ತಿರುವವರು ಯಾರಾದರೂ ಓದುತ್ತಿದ್ದರೆ: ಬಾಕ್‌ನ ಕಾಲದ ವಾದ್ಯಗಳಲ್ಲಿ ಕೀಗಳೇ ಕಡಿಮೆ, ಇನ್ವೆನ್ಷನ್‌ಗಳಿಗೆ 61 ಸಾಕಾಗುತ್ತದೆ. ಬೀಥೋವನ್‌ನ 'ಫ್ಯೂರ್ ಎಲೀಸ್' ಮೊದಲ ಭಾಗ ಹಿಡಿಸುತ್ತದೆ, ಕೊನೆಯ ಕಡೆ ಮೇಲೆ ಓಡುವಾಗ ಕೀ ಮುಗಿದುಹೋಗುತ್ತವೆ. ಪುಸ್ತಕ ಕೊಳ್ಳಬೇಕಂತಿಲ್ಲ. ಐಎಂಎಸ್‌ಎಲ್‌ಪಿ ಸೈಟಿನಲ್ಲಿ ಬಾಕ್, ಶೂಮನ್, ಶೊಪಾನ್ ಎಲ್ಲ ಪುಕ್ಕಟೆ ಸಿಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿ, ಹಾಳೆ ತಾನಾಗೇ ಮಡಚಿಕೊಳ್ಳಲ್ಲ.

ಕೇಳಿದವರು, ಗಂಗಾವತಿ

ಎಲ್ಲರಿಗೂ ಧನ್ಯವಾದ. ಕಿರುಬೆರಳಿನ ಮಾತು ಓದಿ ನಕ್ಕೆ, ನಂದೂ ಹಾಗೇ ನಿಂತಿರುತ್ತದೆ. ಇನ್ನೊಂದು ಪ್ರಶ್ನೆ. ಪಿಯಾನೋ ತೊಗೊಂಡದ್ದೇ ಬೀಥೋವನ್‌ನ 'ಮೂನ್‌ಲೈಟ್' ಸೊನಾಟಾ ಕೇಳಿ. ಮೊದಲ ಭಾಗ ನಿಧಾನ ಇದೆಯಲ್ಲ, ಈಗಲೇ ಶುರು ಮಾಡಬಹುದಾ?

ಬಳ್ಳಾರಿ, ಕೌಲ್ ಬಜಾರ್

ನೋಟ್ಸ್ ಬರುತ್ತವೆ ಅಕ್ಕಾ, ಹಾಡು ಬರಲ್ಲ. ಬಲಗೈಯ ಕಿರುಬೆರಳು ಹಾಡಬೇಕು, ಅದೇ ಕೈಯ ಉಳಿದ ಬೆರಳು ಮೂರು ಮೂರರ ಗುಂಪನ್ನು ಪಿಸುಗುಟ್ಟಬೇಕು. ಒಂದೇ ಕೈಯಲ್ಲಿ ಎರಡು ದನಿ. ಜೊತೆಗೆ ಸಿ ಶಾರ್ಪ್ ಮೈನರ್, ನಾಲ್ಕು ಶಾರ್ಪ್ (ಅರ್ಧ ಸ್ವರ ಮೇಲೇರಿಸಿದ ಸ್ವರಗಳು). ಆಸೆ ಇದ್ದರೆ ವಾರಕ್ಕೊಂದು ದಿನ ಮೊದಲ ಪುಟ ಮುಟ್ಟಿ, ದಿನದ ಪಾಠ ಅದಾಗೋದು ಬೇಡ. ಟೀಚರಮ್ಮ ಹೇಳಿದ ಹಾಗೆ ಬಾಕ್ ಮೊದಲು ಅನ್ನೋದನ್ನು ನಾನೂ ಒಪ್ಪುತ್ತೇನೆ. ಸ್ಕೇಲ್ ವಿಷಯದಲ್ಲಿ ಮಾತ್ರ ಜಗಳ ಹಾಗೇ ಇರಲಿ.

ಕೊಪ್ಪಳ

ಮೇಡಂ, ಪರೀಕ್ಷೆ ಯೋಚನೆ ನಿಮಗಿಲ್ಲದಿದ್ದರೂ ಒಂದು ಮಾಹಿತಿ. ಸಂಗೀತ ಪರೀಕ್ಷೆ ನಡೆಸುವ ಬ್ರಿಟಿಷ್ ಸಂಸ್ಥೆ ಎಬಿಆರ್‌ಎಸ್‌ಎಂನಲ್ಲಿ 2020ರಿಂದ ಪರ್ಫಾರ್ಮೆನ್ಸ್ ಗ್ರೇಡ್ ಅಂತ ಇದೆ. ಮನೆಯಲ್ಲೇ ನಾಲ್ಕು ಕೃತಿಗಳನ್ನು ಒಂದೇ ಉಸಿರಿಗೆ ನುಡಿಸಿ ವಿಡಿಯೋ ಕಳಿಸೋದು, ನಡುವೆ ಕಟ್ ಮಾಡುವಂತಿಲ್ಲ. ಸ್ಕೇಲ್ ಕೇಳಲ್ಲ. ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗೋದೂ ತಪ್ಪುತ್ತದೆ. ನಾನು ಪರೀಕ್ಷೆ ಕಟ್ಟಿಲ್ಲ, ಆದರೆ ಸಿಲಬಸ್ ನೋಡಿ ಕೃತಿ ಆರಿಸಿಕೊಳ್ಳುತ್ತೇನೆ. ಯಾವುದು ಯಾವ ಮಟ್ಟದ್ದು ಅಂತ ಅಲ್ಲಿ ಸುಲಭವಾಗಿ ಗೊತ್ತಾಗುತ್ತದೆ. ಕೈಗೆಟುಕುವ ಮಟ್ಟಕ್ಕಿಂತ ಒಂದು ಗ್ರೇಡ್ ಕೆಳಗಿನದನ್ನೇ ಜಾಸ್ತಿ ತೆಗೆದುಕೊಳ್ಳುತ್ತೇನೆ, ಬೇಗ ಮುಗಿಯುತ್ತವೆ, ಓದುವ ರೂಢಿಯೂ ಆಗುತ್ತದೆ.

ಬಳ್ಳಾರಿ, ಮನೆಯಲ್ಲಿ ಪಾಠ ಹೇಳುವವರು

ಇದು ಒಳ್ಳೆ ಮಾತು. ತಂಗೀ, ಮಿನುಯೆಟ್‌ನ ಮೊದಲ ಎಂಟು ಬಾರ್ ಎಡಗೈ ಮಾತ್ರ ಮೊದಲು ಮಾಡು, ಬಲಗೈ ಭಾಗವನ್ನು ಬಾಯಲ್ಲಿ ಹಾಡಿಕೋ. ಹಾಡುತ್ತಾ ಎಡಗೈ ನಿಲ್ಲದೆ ನಡೆದರೆ ಆಮೇಲೆ ಎರಡೂ ಕೈ ಕೂಡಿಸು. ಬೇಸಿಗೆ ಬಂತು, ನುಡಿಸಿದ ಮೇಲೆ ಕೀ ಮೇಲೆ ಬಟ್ಟೆ ಹೊದಿಸೋದು ಮರೀಬೇಡ. ನಮ್ಮ ಕಡೆ ಧೂಳು ಒಳಗೆ ಹೋಯಿತೆಂದರೆ ರಿಪೇರಿಯವರನ್ನು ಹುಡುಕೋದೇ ದೊಡ್ಡ ಕೆಲಸ.