162ಕ್ಕೆ 121 ಸೋಲು: ವೈಟ್ ಸಾಕ್ಸ್ ಲೆಕ್ಕ ಯಾರಾದ್ರೂ ಬಿಡಿಸಿ ಹೇಳ್ತೀರಾ?

ನಾಲ್ಕನೇ_ಬ್ಲಾಕ್

ಅಮೆರಿಕದ ಬೇಸ್‌ಬಾಲ್ ತಂಡ ಚಿಕಾಗೊ ವೈಟ್ ಸಾಕ್ಸ್ 2024ರ ಸೀಸನ್‌ನ 162 ಪಂದ್ಯದಲ್ಲಿ 41 ಗೆದ್ದು 121 ಸೋತರು. 1901ರಿಂದೀಚೆಗೆ ಒಂದೇ ಸೀಸನ್‌ನಲ್ಲಿ ಇಷ್ಟು ಸೋತ ಮೇಜರ್ ಲೀಗ್ (ಅಲ್ಲಿನ ಅತಿ ಮೇಲಿನ ಲೀಗ್) ತಂಡ ಇನ್ನೊಂದಿಲ್ಲ. 1962ರ ಮೆಟ್ಸ್ ಕೂಡ 120ಕ್ಕೆ ನಿಂತಿತ್ತು.

ಬೆಂಗಳೂರಿನವರಿಗೆ ಸೋಲು ಹೊಸದೇನಲ್ಲ ಬಿಡಿ. 2017ರಲ್ಲಿ ನಮ್ಮ ಆರ್‌ಸಿಬಿ 14ರಲ್ಲಿ ಗೆದ್ದಿದ್ದು ಮೂರೇ, ಕೋಲ್ಕತ್ತ ಎದುರು 49ಕ್ಕೆ ಗಂಟುಮೂಟೆ ಕಟ್ಟಿತ್ತು. ಶೇಕಡಾ ಲೆಕ್ಕದಲ್ಲಿ ಅದು 21, ವೈಟ್ ಸಾಕ್ಸ್‌ದು 25. ಹಾಗಾದ್ರೆ ಇವರದ್ದೇ ಯಾಕೆ ಅಷ್ಟು ದೊಡ್ಡ ಸುದ್ದಿ? ತಂಡ ನಿಜವಾಗಿ ಎಲ್ಲಿ ಸೋರ್ತಿದೆ ಅಂತ ತಿಳಿಯೋಕೆ ಯಾವ ಅಂಕಿ ನೋಡಬೇಕು? ಡ್ರಾಫ್ಟ್‌ನಲ್ಲಿ (ತಂಡಗಳು ಸರದಿ ಮೇಲೆ ಹೊಸ ಆಟಗಾರರನ್ನ ಆರಿಸೋದು) ಮೊದಲ ಹುಡುಗನ್ನ ಎತ್ತಿಕೊಳ್ಳೋಕೆ ಬೇಕೂಂತಲೇ ಸೋತ್ರು ಅನ್ನೋದು ನಿಜಾನಾ?

ರನ್_ಗುಮಾಸ್ತ

ಆ ಶೇಕಡಾ ಹೋಲಿಕೆ ಇಲ್ಲಿ ಕೂರಲ್ಲ ಸಾರ್. ಬೇಸ್‌ಬಾಲ್‌ನಲ್ಲಿ ಒಂದು ದಿನದ ಫಲಿತಾಂಶಕ್ಕೆ ಹೆಚ್ಚು ಬೆಲೆ ಇಲ್ಲ, ಯಾರು ಯಾರನ್ನ ಬೇಕಾದ್ರೂ ಸೋಲಿಸ್ತಾರೆ. ಅದೇ 2024ರಲ್ಲಿ ಎಲ್ಲರಿಗಿಂತ ಹೆಚ್ಚು ಗೆದ್ದ ಡಾಡ್ಜರ್ಸ್ ಕೂಡ 98–64. ಅಷ್ಟು ದುಡ್ಡು ಸುರಿದ ತಂಡವೇ 64 ಸಲ ಸೋಲುತ್ತೆ. 14 ಪಂದ್ಯದಲ್ಲಿ ಮೂರು ಗೆಲ್ಲೋದು ಕೆಟ್ಟ ತಿಂಗಳಿನ ಮಾತು. 162 ಪಂದ್ಯ ಅಂದ್ರೆ ಮೊರದಲ್ಲಿ ಕೇರಿದ ಹಾಗೆ, ಹೊಟ್ಟೆಲ್ಲ ಹಾರಿ ಹೋಗಿ ಉಳಿಯೋದು ಕಾಳು ಮಾತ್ರ. ಅಷ್ಟು ಕೇರಿದ ಮೇಲೂ ನಾಲ್ಕರಲ್ಲಿ ಒಂದೇ ಗೆಲುವು ಉಳಿದಿದ್ದಕ್ಕೇ ಅಷ್ಟು ಸುದ್ದಿ.

ಅಂಕಿಯಲ್ಲಿ ಮೊದಲು ನೋಡಬೇಕಾದ್ದು ರನ್ ವ್ಯತ್ಯಾಸ. ಹೊಡೆದಿದ್ದು 507, ಬಿಟ್ಟುಕೊಟ್ಟಿದ್ದು 813, ಮೈನಸ್ 306. ಬಾಯಿಲೆಕ್ಕ ಬೇಕಿದ್ರೆ 10 ರನ್ನಿಗೆ ಒಂದು ಗೆಲುವು ಅಂತ ಹಿಡೀರಿ: ಅರ್ಧ ಸೀಸನ್ 81, ಅದರಲ್ಲಿ 31 ಕಳೆದ್ರೆ 50. ಮಧ್ಯದ ತಂಡಗಳಿಗೆ ಈ ಲೆಕ್ಕ ಸಾಕು, ಇಂಥ ತಳದ ತಂಡಕ್ಕೆ ಜಾರುತ್ತೆ. ಆಗ ಪೈಥಾಗೋರಿಯನ್ ಸೂತ್ರ ಹಾಕಬೇಕು. ಹೊಡೆದ ರನ್ನಿನ ವರ್ಗ 2,57,049. ಬಿಟ್ಟ ರನ್ನಿನ ವರ್ಗ 6,60,969. ಮೊದಲನೇದನ್ನ ಎರಡರ ಮೊತ್ತದಿಂದ ಭಾಗಿಸಿದ್ರೆ 0.28. ಅದನ್ನ 162ರಿಂದ ಗುಣಿಸಿ, 45 ಗೆಲುವು. ವರ್ಗದ ಬದಲು 1.83ರ ಘಾತ ಹಾಕೋರು ಇದ್ದಾರೆ, ಅವರಿಗೆ 48 ಬರುತ್ತೆ. ಅಂದ್ರೆ ಇದು 115ರ ಆಸುಪಾಸು ಸೋಲಬೇಕಿದ್ದ ತಂಡ, ದಾಖಲೆ ಮುರಿಯೋಕೆ ಬೇಕಾದ ಕೊನೇ ಕೆಲವು ಸೋಲು ಗ್ರಹಚಾರದ್ದು.

ಈಗ ಸೋರಿಕೆ ಎಲ್ಲಿ ಅಂತ. ಆ ವರ್ಷ ಲೀಗ್ ಸರಾಸರಿ ಪಂದ್ಯಕ್ಕೆ 4.39 ರನ್, 162ಕ್ಕೆ 711. ವೈಟ್ ಸಾಕ್ಸ್ ಬ್ಯಾಟು ಅದಕ್ಕಿಂತ 204 ಕಮ್ಮಿ, ಪಿಚಿಂಗು (ಚೆಂಡು ಎಸೆತ) ಮತ್ತು ಫೀಲ್ಡಿಂಗು ಸೇರಿ 102 ಜಾಸ್ತಿ. ಮೂರರಲ್ಲಿ ಎರಡು ಪಾಲು ತಪ್ಪು ಬ್ಯಾಟಿನದ್ದು! ಎಲ್ಲರೂ ಬುಲ್‌ಪೆನ್ (ಪಂದ್ಯದ ಮಧ್ಯೆ ಬಂದು ಎಸೆಯೋ ಬದಲಿ ಪಿಚರ್‌ಗಳು) ಬೈತಾರೆ, ಯಾಕಂದ್ರೆ ಎಂಟನೇ ಇನ್ನಿಂಗ್ಸ್‌ನಲ್ಲಿ ಕೈ ಜಾರಿದ್ದು ಕಣ್ಣಿಗೆ ಕಾಣುತ್ತೆ. ಎರಡನೇ ಇನ್ನಿಂಗ್ಸ್‌ನಲ್ಲಿ ಇಬ್ಬರು ಬೇಸ್ ಮೇಲಿದ್ದಾಗ ಪಾಪ್‌ಅಪ್ (ನೇರ ಮೇಲೆದ್ದು ಸುಲಭ ಕ್ಯಾಚಾಗೋ ಹೊಡೆತ) ಹೊಡೆದು ಔಟಾದವನು ಯಾರಿಗೂ ನೆನಪಿರಲ್ಲ.

ಬುಲ್‌ಪೆನ್_ಕಾವಲು

ಗುಮಾಸ್ತರ ಲೆಕ್ಕ ಸರಿ, ಆದ್ರೆ ಎರಡನ್ನೂ ಅಷ್ಟು ಬೇರೆ ಬೇರೆ ಮಾಡೋಕಾಗಲ್ಲ. ಪಂದ್ಯಕ್ಕೆ 3.1 ರನ್ ಹೊಡೆಯೋ ತಂಡ ಗೆಲ್ತಿರೋ ದಿನವೂ ಒಂದೆರಡು ರನ್ ಮುಂದೆ ಇರುತ್ತೆ ಅಷ್ಟೆ. ಪ್ರತೀ ಲೀಡ್ ಕೂಡ ನೂಲಿನ ಮೇಲೆ. ಹಾಗಾಗಿ ಬುಲ್‌ಪೆನ್‌ನ ಒಳ್ಳೇ ಹುಡುಗರನ್ನ ದಿನಾ ಎಬ್ಬಿಸಬೇಕಾಗುತ್ತೆ.

ಯಂತ್ರ ಎಲ್ಲಿ ಕಚ್ಚಿಕೊಳ್ಳುತ್ತೆ ನೋಡಿ. ಒಂಬತ್ತು ಇನ್ನಿಂಗ್ಸ್‌ಗೆ 27 ಔಟ್ ಬೇಕು. ಸ್ಟಾರ್ಟರ್ (ಪಂದ್ಯ ಶುರು ಮಾಡೋ ಪಿಚರ್) ಆರು ಇನ್ನಿಂಗ್ಸ್ ಎಳೆದ್ರೆ ಬುಲ್‌ಪೆನ್‌ಗೆ ಉಳಿಯೋದು 9, ಮೂವರು ಸಾಕು. ನಾಲ್ಕಕ್ಕೇ ಇಳಿದ್ರೆ 15, ಐದು ಜನ ಬೇಕು. 26 ಜನರ ಪಟ್ಟಿಯಲ್ಲಿ ಪಿಚರ್‌ಗಳು 13ಕ್ಕಿಂತ ಹೆಚ್ಚು ಇರೋಹಾಗಿಲ್ಲ. ಐವರು ಸ್ಟಾರ್ಟರ್ ತೆಗೆದ್ರೆ ಎಂಟೇ ಜನ. ಇವತ್ತು ಐವರು ಎಸೆದ್ರೆ ನಾಳೆ ತಾಜಾ ಇರೋರು ಮೂವರು, ಅವರಲ್ಲಿ ಇಬ್ಬರು ಟ್ರಿಪಲ್ ಎಯಿಂದ (ಮೇಜರ್ ಲೀಗ್‌ನ ಕೆಳಗಿನ ಹಂತ) ಮೊನ್ನೆ ಬಂದೋರು. ಸುಸ್ತಾದವನನ್ನ ಕೆಳಗೆ ಕಳಿಸಿ ಹೊಸಬನ್ನ ತರಬಹುದು, ಆದ್ರೆ ಕೆಳಗೆ ಹೋದ ಪಿಚರ್ ಸಾಮಾನ್ಯವಾಗಿ 15 ದಿನ ವಾಪಸ್ ಬರೋಹಾಗಿಲ್ಲ. ಒಬ್ಬನನ್ನ ಸೀಸನ್‌ಗೆ ಐದು ಸಲಕ್ಕಿಂತ ಹೆಚ್ಚು ಹಾಗೆ ಓಡಾಡಿಸೋ ಹಾಗೂ ಇಲ್ಲ.

ಗ್ಯಾರೆಟ್ ಕ್ರೋಶೆ ಉದಾಹರಣೆ ತಗೊಳ್ಳಿ. ತಂಡದ ಅತ್ಯುತ್ತಮ ಪಿಚರ್, 32 ಸ್ಟಾರ್ಟ್, 209 ಸ್ಟ್ರೈಕ್‌ಔಟ್. ಎಸೆದಿದ್ದು ಮಾತ್ರ 146 ಇನ್ನಿಂಗ್ಸ್, ಸರಾಸರಿ ನಾಲ್ಕೂವರೆ ಚಿಲ್ಲರೆ. ಮೊಣಕೈ ಶಸ್ತ್ರಚಿಕಿತ್ಸೆಯಿಂದ ಎದ್ದು ಬಂದವನು, ಹಿಂದಿನ ವರ್ಷ 13 ಇನ್ನಿಂಗ್ಸ್ ಕೂಡ ಎಸೆದಿರಲಿಲ್ಲ. ಜುಲೈನಿಂದ ಅವನಿಗೆ ನಾಲ್ಕು ಇನ್ನಿಂಗ್ಸ್ ಮಿತಿ ಹಾಕಿದ್ರು. ಕೈ ಉಳಿಸೋಕೆ ಅದು ಸರಿಯಾದ ನಿರ್ಧಾರವೇ. ಬೆಲೆ ಕಟ್ಟಿದ್ದು ಮಾತ್ರ ಬುಲ್‌ಪೆನ್: ಎಲ್ಲರಿಗೂ ವಿಶ್ರಾಂತಿ ಸಿಗಬೇಕಿದ್ದ ಕ್ರೋಶೆ ದಿನವೂ ಐದು ಇನ್ನಿಂಗ್ಸ್ ಅವರ ಹೆಗಲಿಗೆ ಬಿತ್ತು.

ಒಂದು ಸುಲಭದ ಗುರುತು: ಬಾಕ್ಸ್ ಸ್ಕೋರ್‌ನಲ್ಲಿ (ಪಂದ್ಯದ ಅಂಕಿಪಟ್ಟಿ) ಫೀಲ್ಡರ್ ಒಬ್ಬ ಪಿಚ್ ಮಾಡಿದ್ದಾನಾ ನೋಡಿ. ಎಂಟು ರನ್ ಅಥವಾ ಹೆಚ್ಚು ಹಿಂದಿದ್ದಾಗ ಯಾವ ಇನ್ನಿಂಗ್ಸ್‌ನಲ್ಲಾದ್ರೂ ಇದಕ್ಕೆ ಅವಕಾಶ ಇದೆ. ಅದು ತಮಾಷೆಗೆ ಮಾಡೋದಲ್ಲ, ನಾಳೆಗೆ ಒಂದು ತೋಳು ಉಳಿಸೋ ಪರದಾಟ.

ಕಟ್ಟೆ_ಪಂಚಾಯ್ತಿ

ಬೇಕೂಂತಲೇ ಸೋತ್ರು ಅನ್ನೋದು ಪೂರ್ತಿ ತಪ್ಪು ಗುರು, ಮೊದಲ ಆಯ್ಕೆ ಅವರಿಗೆ ಸಿಗೋದು ಸಾಧ್ಯವೇ ಇರಲಿಲ್ಲ. ಈಗ ಡ್ರಾಫ್ಟ್‌ಗೆ ಲಾಟರಿ ಇದೆ. ಪ್ಲೇಆಫ್‌ಗೆ ಹೋಗದ 18 ತಂಡ, ಮೊದಲ ಆರು ಸ್ಥಾನಕ್ಕೆ ಚೀಟಿ ಎತ್ತೋದು. ತಳದ ಮೂರು ತಂಡಕ್ಕೂ ಸಮ, ತಲಾ ಶೇ. 16.5 ಅವಕಾಶ. ಅಂದ್ರೆ 110 ಸೋತು ತಳದ ಮೂರರಲ್ಲಿದ್ರೂ ಅಷ್ಟೇ, 121 ಸೋತ್ರೂ ಅಷ್ಟೇ. ಇನ್ನೊಂದು ಕೊಕ್ಕೆ: ಆದಾಯ ಹಂಚಿಕೆಯಲ್ಲಿ ದುಡ್ಡು ಕೊಡೋ ದೊಡ್ಡ ಊರಿನ ತಂಡ ಸತತ ಎರಡು ವರ್ಷ ಲಾಟರಿ ಸ್ಥಾನ ಪಡೆಯೋಹಾಗಿಲ್ಲ. ವೈಟ್ ಸಾಕ್ಸ್ 2024ರ ಡ್ರಾಫ್ಟ್‌ನಲ್ಲಿ ಐದನೇ ಸ್ಥಾನ ತಗೊಂಡಿದ್ರು. ಹಾಗಾಗಿ 121 ಸೋತ ಮೇಲೂ 2025ರಲ್ಲಿ ಸಿಕ್ಕಿದ್ದು ಹತ್ತನೇದು. ಇದು ಸೋಲೋಕೆ ಮುಂಚೆಯೇ ಅವರಿಗೆ ಗೊತ್ತಿತ್ತು.

ಇದು ಒಂದೇ ವರ್ಷದ ಅನಾಹುತವೂ ಅಲ್ಲ. ಗೆಲುವಿನ ಸಾಲು ನೋಡಿ: 2021ರಲ್ಲಿ 93 ಮತ್ತು ಡಿವಿಷನ್ ಕಿರೀಟ, ಆಮೇಲೆ 81, 61, 41. ಮಹಡಿ ಮೆಟ್ಟಿಲು ಇಳಿದ ಹಾಗಿದೆ. 2024ರ ಮಾರ್ಚ್‌ನಲ್ಲೇ ಪಿಚರ್ ಡಿಲನ್ ಸೀಸ್‌ನ ಸ್ಯಾನ್ ಡಿಯೆಗೊಗೆ ಕೊಟ್ಟಾಗಿತ್ತು. ಶುರುವೇ 3–22. ಜುಲೈನಿಂದ ಆಗಸ್ಟ್‌ವರೆಗೆ ಸತತ 21 ಸೋಲು, ಅಮೆರಿಕನ್ ಲೀಗ್‌ನಲ್ಲಿ 1988ರ ಓರಿಯೋಲ್ಸ್‌ಗೆ ಸಮ. ಆಗಸ್ಟ್ 6ಕ್ಕೆ ಓಕ್ಲಂಡ್‌ನಲ್ಲಿ 5–1 ಗೆದ್ದರು, 8ಕ್ಕೆ ಮ್ಯಾನೇಜರ್ ಪೆಡ್ರೊ ಗ್ರಿಫಾಲ್‌ನ ಮನೆಗೆ ಕಳಿಸಿದ್ರು. ಅವರ ಕೈಯಲ್ಲಿ 28–89, ಆಮೇಲೆ ಬಂದ ಗ್ರೇಡಿ ಸೈಜ್‌ಮೋರ್ ಕೈಯಲ್ಲಿ 13–32. ಅಡುಗೆಯವನನ್ನ ಬದಲಾಯಿಸಿದ್ರು, ದಿನಸಿ ಹಳೇದೇ.

ಕಟ್ಟೋ ತಂಡಾನೋ ಕುಸಿಯೋ ತಂಡಾನೋ ಅಂತ ಗೊತ್ತಾಗೋದು ಡಿಸೆಂಬರ್‌ನಲ್ಲಿ. ಕ್ರೋಶೆ ಮೇಲೆ ಇನ್ನೂ ಎರಡು ವರ್ಷ ಹಕ್ಕಿದ್ದಾಗಲೇ ಬಾಸ್ಟನ್‌ಗೆ ಕೊಟ್ಟು ನಾಲ್ವರನ್ನ ತಂದ್ರು. ಅವರಲ್ಲಿ ಕ್ಯಾಚರ್ ಕೈಲ್ ಟೀಲ್, ಇನ್‌ಫೀಲ್ಡರ್ ಚೇಸ್ ಮೈಡ್ರಾತ್ 2025ರಲ್ಲೇ ಮೇಜರ್ ಲೀಗ್ ಆಡಿದ್ರು. ಆರು ತಿಂಗಳು ಉಳಿದಾಗ ಮಾರಿದ್ರೆ ಇಷ್ಟು ಬೆಲೆ ಬರ್ತಿರಲಿಲ್ಲ. ನನಗೆ ಇದಕ್ಕಿಂತ ಇಷ್ಟವಾಗಿದ್ದು ರೂಲ್ 5 ಡ್ರಾಫ್ಟ್. ಬೇರೆ ತಂಡ 40 ಜನರ ಪಟ್ಟಿಗೆ ಸೇರಿಸದೆ ಬಿಟ್ಟ ಮೈನರ್ ಲೀಗ್ ಹುಡುಗನ್ನ ಒಂದು ಲಕ್ಷ ಡಾಲರ್ ಕೊಟ್ಟು ಎತ್ತಿಕೊಳ್ಳಬಹುದು. ಷರತ್ತು ಅಂದ್ರೆ ಇಡೀ ಸೀಸನ್ 26ರ ಪಟ್ಟಿಯಲ್ಲೇ ಇಟ್ಕೋಬೇಕು, ಇಲ್ಲಾಂದ್ರೆ ಅರ್ಧ ಬೆಲೆಗೆ ಹಳೇ ತಂಡಕ್ಕೆ ವಾಪಸ್ ಕೊಡೋಕೆ ತಯಾರಿರಬೇಕು. ಪ್ಲೇಆಫ್ ಕನಸಿರೋ ತಂಡಕ್ಕೆ ಹಸಿ ಹುಡುಗನಿಗೆ ಕುರ್ಚಿ ಕೊಡೋ ಐಷಾರಾಮ ಇಲ್ಲ. 121 ಸೋತವರಿಗೆ ಖಾಲಿ ಕುರ್ಚಿಗೇನು ಬರ? ಮಿಲ್ವಾಕಿಯಿಂದ ಹಾಗೆ ಎತ್ತಿದ ಪಿಚರ್ ಶೇನ್ ಸ್ಮಿತ್ 2025ರಲ್ಲಿ ಆಲ್‌ಸ್ಟಾರ್ ಆದ. ತಂಡ 60–102, ಇನ್ನೂ ಕೆಟ್ಟದ್ದೇ, ಆದ್ರೂ 19 ಗೆಲುವು ಜಾಸ್ತಿ.

ನಾಲ್ಕನೇ_ಬ್ಲಾಕ್

ಲಾಟರಿ ವಿಷಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. 2025ರ ಕೊಲರಾಡೊ ರಾಕೀಸ್ 43–119 ಇದಕ್ಕಿಂತ ವಾಸಿ ಅಂತಲೇ ಅರ್ಥವಾ? ಅವರದ್ದು ನಮ್ಮ ಚಿನ್ನಸ್ವಾಮಿ ಥರ ಎತ್ತರದ ಊರು, ಸಿಕ್ಸರ್ ಹಾರೋ ಮೈದಾನ ಅಂತ ಕೇಳಿದೀನಿ.

ರನ್_ಗುಮಾಸ್ತ

ವಾಸಿ ಅಲ್ಲ, ಇನ್ನೂ ಕೆಟ್ಟದ್ದು. 597 ಹೊಡೆದು 1,021 ಬಿಟ್ಟರು, ಮೈನಸ್ 424. ವರ್ಗದ ಸೂತ್ರಕ್ಕೆ 41 ಗೆಲುವು ಬರುತ್ತೆ, ಗೆದ್ದಿದ್ದು 43. ವೈಟ್ ಸಾಕ್ಸ್‌ಗೆ ಗ್ರಹಚಾರ ಕೆಟ್ಟಿತ್ತು, ಇವರಿಗೆ ಸ್ವಲ್ಪ ನೆಟ್ಟಗಿತ್ತು, ಅಷ್ಟೇ ವ್ಯತ್ಯಾಸ.

ಎತ್ತರದ ಮಾತು ನಿಜ. ಬೆಂಗಳೂರು 900 ಮೀಟರ್ ಚಿಲ್ಲರೆ, ಡೆನ್ವರ್ 1,600. ಗಾಳಿ ತೆಳು, ಚೆಂಡು ದೂರ ಹಾರುತ್ತೆ. ಪಿಚರ್‌ಗೆ ಅದಕ್ಕಿಂತ ದೊಡ್ಡ ಪೆಟ್ಟು ಅಂದ್ರೆ ಕರ್ವ್‌ಬಾಲ್ ತಿರುಗೋದೇ ಕಮ್ಮಿ. 2002ರಿಂದ ಚೆಂಡುಗಳನ್ನ ತೇವಾಂಶ ಕಾಯೋ ಪೆಟ್ಟಿಗೆಯಲ್ಲಿಟ್ಟು ಆಡಿಸ್ತಾರೆ, ಒಣಗಿದ ಚೆಂಡು ಇನ್ನೂ ಪುಟಿಯುತ್ತೆ ಅಂತ. ಬೇಲಿ ದೂರ ಕಟ್ಟಿದ್ದಾರೆ, ಅದರಿಂದ ಫೀಲ್ಡರ್‌ಗಳ ನಡುವೆ ಜಾಗ ಜಾಸ್ತಿಯಾಗಿ ಡಬಲ್, ಟ್ರಿಪಲ್ (ಎರಡು, ಮೂರು ಬೇಸ್ ಓಡೋ ಹೊಡೆತ) ಹರಿಯುತ್ತೆ. ಆದ್ರೆ ಅರ್ಧ ಪಂದ್ಯ ಹೊರಗಡೆ ಆಡೋದು, ಪೂರ್ತಿ ತಪ್ಪನ್ನ ಗಾಳಿ ಮೇಲೆ ಹಾಕೋ ಹಾಗಿಲ್ಲ. ಅವರ ಸ್ಟಾರ್ಟರ್‌ಗಳ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಲೆಕ್ಕಕ್ಕೆ ಬರೋ ರನ್) 6.65. ಆ ಲೆಕ್ಕ 1913ರಲ್ಲಿ ಅಧಿಕೃತವಾದ ಮೇಲೆ ಯಾವ ತಂಡದ್ದೂ ಅಷ್ಟು ಹೋಗಿಲ್ಲ.

ನೋಡಬೇಕು ಅನ್ನಿಸಿದ್ರೆ ಬೇಸಿಗೆಯಲ್ಲಿ ಚಿಕಾಗೊ ಸಂಜೆ 6:40ರ ಆಟ ನಮಗೆ ಬೆಳಗ್ಗೆ 5:10ಕ್ಕೆ ಶುರು. ಹಾಲು ಬರೋ ಹೊತ್ತಿಗೆ ಸ್ಟಾರ್ಟರ್ ಇನ್ನೂ ಮೌಂಡ್ (ಎಸೆಯೋ ದಿಬ್ಬ) ಮೇಲಿದ್ದಾನಾ ನೋಡಿ.