ಅಮ್ಮ ಇಂಡಿಯಾ, ಅಪ್ಪ ಜರ್ಮನಿ: ಮಗಳಿಗೆ ಯಾವ ಪಾಸ್‌ಪೋರ್ಟ್ ಮಾಡಿಸೋಣ?

ಕೇಳಿದವರು, ಮ್ಯೂನಿಕ್‌ನಿಂದ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ನನ್ನದು ಭಾರತದ ಪಾಸ್‌ಪೋರ್ಟ್. ಗಂಡ ಜರ್ಮನ್. ಮಗಳಿಗೆ ಈಗ ನಾಲ್ಕು ತಿಂಗಳು, ಹುಟ್ಟಿದ್ದು ಇಲ್ಲೇ ಮ್ಯೂನಿಕ್‌ನಲ್ಲಿ. ಬರುವ ವರ್ಷ ಮೈಸೂರಿಗೆ ಬಂದು ಮೂರ್ನಾಲ್ಕು ವರ್ಷ ಇರೋಣ ಅಂತಿದ್ದೇವೆ. ಮಗಳಿಗೆ ಯಾವ ಪಾಸ್‌ಪೋರ್ಟ್ ಮಾಡಿಸಲಿ? ಅತ್ತೆ-ಮಾವ ಎರಡೂ ಇರಲಿ ಅಂತಾರೆ, ನಮ್ಮಪ್ಪ ನಮ್ಮದೇ ಇರಲಿ ಅಂತಾರೆ. ಗಂಡನಿಗೆ ಯಾವ ವೀಸಾ ಬೇಕು? ನಮ್ಮ ಮದುವೆ ಡೆನ್ಮಾರ್ಕ್‌ನಲ್ಲಿ ನೋಂದಣಿಯಾಗಿ ಒಂದೂವರೆ ವರ್ಷ ಆಯಿತು. ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಫ್ರಾಂಕ್‌ಫರ್ಟ್‌ನಿಂದ

ನಮ್ಮ ಮನೆಯೂ ನಿಮ್ಮಂಥದ್ದೇ, ಹಾಗಾಗಿ ಉದ್ದ ಬರೆಯುತ್ತೇನೆ.

ಮೊದಲು ‘ಎರಡೂ ಇರಲಿ’ ಅನ್ನುವುದನ್ನು ಪಕ್ಕಕ್ಕಿಡಿ. 2024ರ ಜೂನ್ 27ರಿಂದ ಜರ್ಮನಿ ಒಂದಕ್ಕಿಂತ ಹೆಚ್ಚು ಪೌರತ್ವಕ್ಕೆ ತಕರಾರು ಮಾಡುವುದಿಲ್ಲ, ನಿಮ್ಮ ಅತ್ತೆಯವರು ಆ ಸುದ್ದಿ ಓದಿಯೇ ಹೇಳಿರುತ್ತಾರೆ. ಆದರೆ ತಕರಾರು ಇರುವುದು ನಮ್ಮ ಕಡೆಯಿಂದ. ಭಾರತ ಎರಡು ಪಾಸ್‌ಪೋರ್ಟ್ ಒಪ್ಪುವುದಿಲ್ಲ, ಮಗು ಅಂತ ರಿಯಾಯಿತಿಯೂ ಇಲ್ಲ.

1955ರ ಪೌರತ್ವ ಕಾಯ್ದೆ ಪ್ರಕಾರ ಹೊರದೇಶದಲ್ಲಿ ಹುಟ್ಟಿದ ಮಗುವಿನ ಅಪ್ಪ ಅಥವಾ ಅಮ್ಮ, ಒಬ್ಬರು ಭಾರತೀಯರಾಗಿದ್ದರೆ ಸಾಕು. ಇದೂ ಈಚಿನದು. 1992ರ ಡಿಸೆಂಬರ್ 10ಕ್ಕೆ ಮೊದಲು ಹುಟ್ಟಿದವರಿಗೆ ಅಪ್ಪನ ಪೌರತ್ವ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು, ಅಮ್ಮಂದಿರು ಲೆಕ್ಕಕ್ಕಿಲ್ಲ! 2004ರ ಡಿಸೆಂಬರ್ 3ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಇನ್ನೊಂದು ಷರತ್ತಿದೆ. ಹುಟ್ಟಿದ ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟ್‌ನಲ್ಲಿ ಜನನ ನೋಂದಣಿ ಮಾಡಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಅಪ್ಪ-ಅಮ್ಮ ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಆದ್ದರಿಂದ ಭಾರತದ ಪಾಸ್‌ಪೋರ್ಟೇ ಅನ್ನುವುದಾದರೆ ಜರ್ಮನ್ ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲೇ ಅದು ತೀರ್ಮಾನ ಆಗಬೇಕು. ಮಗಳು ಹದಿನೆಂಟು ತುಂಬಿದ ಆರು ತಿಂಗಳೊಳಗೆ ಇನ್ನೊಂದು ದೇಶದ ಪೌರತ್ವ ಬಿಡದಿದ್ದರೆ ಭಾರತದ್ದು ಹೋಗುತ್ತದೆ ಅಂತಲೂ ಕಾಯ್ದೆ ಹೇಳುತ್ತದೆ.

ಈಗ ನಿಮ್ಮ ತಂದೆಯವರ ಮಾತು. ಅಭಿಮಾನ ಅರ್ಥವಾಗುತ್ತದೆ. ಆದರೆ ಜರ್ಮನ್ ಅಪ್ಪನ ಮಗಳು ಹುಟ್ಟಿದ ಗಳಿಗೆಯಿಂದಲೇ ಜರ್ಮನ್, ನೀವು ಪಾಸ್‌ಪೋರ್ಟ್ ಮಾಡಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ತನ್ನ ಪ್ರಜೆಗೆ ಜರ್ಮನಿ ವೀಸಾ ಕೊಡುವುದಿಲ್ಲ, ವಾಸದ ಪರವಾನಗಿಯನ್ನೂ ಕೊಡುವುದಿಲ್ಲ. ಭಾರತದ ಪಾಸ್‌ಪೋರ್ಟ್ ಹಿಡಿದು ಮೈಸೂರಿಗೆ ಬಂದ ಮಗು ಅಜ್ಜಿಯನ್ನು ನೋಡಲು ವಾಪಸ್ ಹೋಗಬೇಕಾದಾಗ ಸಿಕ್ಕಿಕೊಳ್ಳುವುದು ಇಲ್ಲೇ: ಇರುವ ಪಾಸ್‌ಪೋರ್ಟಿಗೆ ವೀಸಾ ಸಿಗುವುದಿಲ್ಲ, ವೀಸಾ ಬೇಡದ ಪಾಸ್‌ಪೋರ್ಟ್ ಮಾಡಿಸಿದರೆ ಭಾರತದ್ದನ್ನು ಒಪ್ಪಿಸಬೇಕು. ಮ್ಯೂನಿಕ್‌ಗೆ ಮತ್ತೆ ಬರುವ ಯೋಚನೆ ಇರುವವರಿಗೆ ನನ್ನ ಸಲಹೆ ಒಂದೇ: ಜರ್ಮನ್ ಪಾಸ್‌ಪೋರ್ಟ್, ಅದರ ಮೇಲೆ ಓಸಿಐ.

ಓಸಿಐ, ಅಂದರೆ ‘ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ’ ಕಾರ್ಡ್, ಆಜೀವ ವೀಸಾ ಅಂದುಕೊಳ್ಳಿ. ಹೆಸರಿನಲ್ಲಿ ‘ಸಿಟಿಜನ್’ ಇದ್ದರೂ ಅದು ಪೌರತ್ವ ಅಲ್ಲ. ಅಪ್ಪ-ಅಮ್ಮಂದಿರಲ್ಲಿ ಒಬ್ಬರು ಭಾರತದ ಪ್ರಜೆಯಾಗಿದ್ದರೆ ಮಗುವಿಗೆ ನೇರವಾಗಿ ಸಿಗುತ್ತದೆ, ಕಾಯುವ ಅವಧಿ ಇಲ್ಲ. ಇಬ್ಬರ ಸಹಿಯೂ ಬೇಕು. ಮಗುವಿನ ಹೆಬ್ಬೆಟ್ಟು ಒತ್ತಿಸುವುದು, ಕಣ್ಣು ಬಿಟ್ಟ ಫೋಟೊ ತೆಗೆಯುವುದು, ಈ ಎರಡು ಕೆಲಸಕ್ಕೆ ಒಂದು ಭಾನುವಾರ ಇಡೀ ಮೀಸಲಿಡಿ. ಜನನ ಪ್ರಮಾಣಪತ್ರವನ್ನು ನಗರದ ನೋಂದಣಿ ಕಚೇರಿಯಿಂದ ಬಹುಭಾಷೆಯ ನಮೂನೆಯಲ್ಲಿ ತೆಗೆದುಕೊಳ್ಳಿ, ಒಂದೆರಡು ಪ್ರತಿ ಹೆಚ್ಚಿಗೆ ಇರಲಿ.

ಓಸಿಐಯಿಂದ ಸಿಗದಿರುವುದೂ ಗೊತ್ತಿರಲಿ. ಮತದಾನ ಇಲ್ಲ, ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. 2021ರ ಮಾರ್ಚ್ 4ರ ಅಧಿಸೂಚನೆಯ ನಂತರ ನೀಟ್, ಜೆಇಇ ಮೂಲಕ ಸೀಟು ಬೇಕೆಂದರೆ ಎನ್‌ಆರ್‌ಐ ಕೋಟಾದಲ್ಲಷ್ಟೇ. ಆ ದಿನಕ್ಕೆ ಮೊದಲೇ ಓಸಿಐ ಆದವರಿಗೆ ಸುಪ್ರೀಂ ಕೋರ್ಟ್ 2023ರಲ್ಲಿ ಹಳೆಯ ಸೌಲಭ್ಯ ಉಳಿಸಿತು, ನಿಮ್ಮ ಮಗಳಿಗೆ ಅದು ಬರುವುದಿಲ್ಲ. ನಾಲ್ಕು ವರ್ಷಕ್ಕೆ ಹಿಂತಿರುಗುವವರಿಗೆ ಇದು ದೊಡ್ಡ ವಿಷಯ ಅಲ್ಲ. ಪಿಯುಸಿವರೆಗೂ ಮೈಸೂರಿನಲ್ಲೇ ಅನ್ನುವುದಾದರೆ ದೊಡ್ಡದೇ.

ಹ್ಯೂಸ್ಟನ್‌ನಿಂದ

ಅಮೆರಿಕದ್ದೂ ಇದೇ ಕಥೆ. ಇಲ್ಲಿ ಹುಟ್ಟಿದ ಮಗು ಇಲ್ಲಿನ ಪ್ರಜೆ, ಇಲ್ಲಿನ ಪಾಸ್‌ಪೋರ್ಟ್‌ನಲ್ಲೇ ಬರಬೇಕು ಹೋಗಬೇಕು. ಹದಿನಾರರ ಒಳಗಿನ ಮಕ್ಕಳಿಗೆ ಅಪ್ಪ-ಅಮ್ಮ ಇಬ್ಬರೂ ಖುದ್ದಾಗಿ ಹೋಗಬೇಕು, ಒಬ್ಬರು ಊರಲ್ಲಿ ಇಲ್ಲದಿದ್ದರೆ ಡಿಎಸ್-3053 ಅನ್ನುವ ನಮೂನೆಗೆ ನೋಟರಿ ಸಹಿ ಮಾಡಿಸಿ ಕಳಿಸಬೇಕು. ಪಾಸ್‌ಪೋರ್ಟ್ ಐದೇ ವರ್ಷಕ್ಕೆ.

ಹೆರಿಗೆಗೆ ತವರಿಗೆ ಹೋಗುವವರಿಗೆ ಒಂದು ಮಾತು. ಮಗು ದಾವಣಗೆರೆಯಲ್ಲಿ ಹುಟ್ಟಿದರೆ ಅಮೆರಿಕದ ಪೌರತ್ವ ತಾನಾಗಿ ಬಂದೇ ಬರುತ್ತದೆ ಅಂತಿಲ್ಲ. ಒಬ್ಬರು ಮಾತ್ರ ಅಮೆರಿಕನ್ ಆಗಿರುವ ದಂಪತಿಯಾದರೆ, ಆ ಒಬ್ಬರು ಮಗು ಹುಟ್ಟುವ ಮೊದಲು ಒಟ್ಟು ಐದು ವರ್ಷ ಅಮೆರಿಕದಲ್ಲಿ ಇದ್ದಿರಬೇಕು, ಅದರಲ್ಲಿ ಎರಡು ವರ್ಷ ಹದಿನಾಲ್ಕು ದಾಟಿದ ಮೇಲಿನದ್ದಾಗಿರಬೇಕು. ಈಚೆಗಷ್ಟೇ ಪೌರತ್ವ ಪಡೆದವರು ಹಳೆಯ ಶಾಲೆ-ಕಾಲೇಜಿನ ದಾಖಲೆ, ತೆರಿಗೆ ಕಾಗದ, ಬಾಡಿಗೆ ಕರಾರು ಎಲ್ಲ ಕೂಡಿಟ್ಟುಕೊಂಡೇ ವಿಮಾನ ಹತ್ತಿ.

ಧಾರವಾಡದಿಂದ

ಅಕ್ಕಾರ, ಯಜಮಾನರ ವೀಸಾದ ಬಗ್ಗೆ ನಾ ಹೇಳ್ತೀನ್ರಿ. ನನ್ನ ಹೆಂಡತಿ ಫ್ರಾನ್ಸಿನಾಕಿ.

ಇ-ಟೂರಿಸ್ಟ್ ವೀಸಾ ತಗೊಂಡು ಸಂಸಾರ ಹೂಡಾಕ ಬರೂದಿಲ್ರಿ, ಅದು ನೋಡಿ ಹೋಗೋರಿಗೆ. ಭಾರತೀಯರ ಗಂಡ-ಹೆಂಡತಿಗೆ ಎಂಟ್ರಿ ವೀಸಾ ಅಂತ ಅದ, ಎಕ್ಸ್ ವೀಸಾ ಅಂತಾರ. ಅದನ್ನ ಅಲ್ಲಿಂದಲೇ ತಗೊಂಡು ಬರ್‍ರಿ. 180 ದಿನಕ್ಕಿಂತ ಹೆಚ್ಚು ಇರೋದಿದ್ರ ಬಂದ 14 ದಿನದಾಗ ನೋಂದಣಿ ಮಾಡಸ್ಬೇಕು. ವಿದೇಶಿಯರ ನೋಂದಣಿ ಕಚೇರಿಗೆ ಎಫ್‌ಆರ್‌ಆರ್‌ಓ ಅಂತಾರ, ಈಗ ಆನ್‌ಲೈನ್ ಇ-ಎಫ್‌ಆರ್‌ಆರ್‌ಓ ಬಂದದ, ಅರ್ಜಿ ಮನಿಯಾಗ ಕುಂತು ಹಾಕಬಹುದು. ಬೆಂಗಳೂರಾಗ ಎಫ್‌ಆರ್‌ಆರ್‌ಓ ಕಚೇರಿ ಶಾಂತಿನಗರ ಬಸ್ ಸ್ಟ್ಯಾಂಡ್ ಕಟ್ಟಡದಾಗ ಅದ, ಜಿಲ್ಲಾದಾಗ ಎಸ್‌ಪಿ ಸಾಹೇಬ್ರೇ ನೋಂದಣಿ ಅಧಿಕಾರಿ. ಬಾಡಿಗಿ ಕರಾರು ಪತ್ರದಾಗ ನಿಮ್ಮ ಜೋಡಿ ಅವರ ಹೆಸರೂ ಇರ್ಲಿ. ವಿಳಾಸಕ್ಕ ಬ್ಯಾರೆ ಏನೂ ಇರೂದಿಲ್ಲ ಅವರ ಹತ್ರ, ಆಧಾರ್ ಇಲ್ಲ, ಕರೆಂಟ್ ಬಿಲ್ ಇಲ್ಲ. ಮತ್ತ ಎಕ್ಸ್ ವೀಸಾದ ಮ್ಯಾಲ ಅವರು ಇಲ್ಲಿ ನೌಕರಿ ಹಿಡಿಯಾಕ ಬರೂದಿಲ್ಲ, ಓಸಿಐ ಆದ ಮ್ಯಾಲ ಬರ್ತದ.

ಗಂಡ-ಹೆಂಡತಿ ಲೆಕ್ಕದಾಗ ಓಸಿಐ ಬೇಕಂದ್ರ ಮದುವಿ ನೋಂದಣಿ ಆಗಿ ಎರಡು ವರ್ಷ ಸಂಸಾರ ನಡದಿರ್‍ಬೇಕು. ನಿಮ್ಮದು ಒಂದೂವರಿ ವರ್ಷ ಆಗೇದ, ಬರೂ ವರ್ಷ ಹೊಂಡೂದ್ರಾಗ ಎರಡು ತುಂಬ್ತದ. ಹೊಂಡೂ ತಾರೀಖು ಸ್ವಲ್ಪ ಮುಂದ ಹಾಕಾಕ ಆದ್ರ ಅಲ್ಲೇ ಅರ್ಜಿ ಹಾಕಿ, ಓಸಿಐ ಕೈಯಾಗ ಹಿಡ್ಕೊಂಡೇ ಬರ್‍ರಿ. ಎಕ್ಸ್ ವೀಸಾನೂ ಬ್ಯಾಡ, ನೋಂದಣಿನೂ ಬ್ಯಾಡ. ನಾನಾದ್ರ ಹಂಗ ಮಾಡ್ತಿದ್ದೆ.

ಇನ್ನ ಇದು ನಿಮಗಲ್ರಿ, ಲಗ್ನ ಗೊತ್ತು ಮಾಡ್ಕೊಂಡ ಹುಡುಗ್ರಿಗೆ. ಛತ್ರದಾಗ ಅಕ್ಷತಾ ಬಿತ್ತು ಅಂದ್ರ ಮುಗೀಲಿಲ್ಲ. ಒಬ್ಬರು ಹಿಂದೂ ಅಲ್ಲ ಅಂದ್ರ ಹಿಂದೂ ವಿವಾಹ ಕಾಯ್ದೆದಾಗ ನೋಂದಣಿ ಆಗೂದಿಲ್ಲ. 1954ರ ವಿಶೇಷ ವಿವಾಹ ಕಾಯ್ದೆದಾಗ ಆಗ್ಬೇಕು. ಅದಕ್ಕ 30 ದಿನದ ನೋಟಿಸು, ಜಿಲ್ಲಾದಾಗ 30 ದಿನ ವಾಸ, ವಿದೇಶದವರಿಗೆ ‘ಮದುವಿಗೆ ಅಡ್ಡಿ ಇಲ್ಲ’ ಅಂತ ಅವರ ದೂತಾವಾಸದ ಪತ್ರ. ಎರಡು ವಾರದ ರಜಾ ತಗೊಂಡು ಬಂದು ಲಗ್ನ ಮಾಡ್ಕೊಂಡು ಹೋಗೋರು ಇದನ್ನ ಮೊದಲೇ ವಿಚಾರ ಮಾಡ್ರಿ. ಓಸಿಐದ ಎರಡು ವರ್ಷಕ್ಕ ಛತ್ರದ ಫೋಟೊ ಆಲ್ಬಮ್ ನಡಿಯೂದಿಲ್ಲ.

ಬೆಂಗಳೂರಿನಿಂದ

ನನ್ನ ಹೆಂಡತಿ ಜಪಾನಿನವರು. ಮಕ್ಕಳಿಬ್ಬರೂ ಹುಟ್ಟಿದ್ದು ಬೆಂಗಳೂರಲ್ಲಿ. ಜಪಾನ್ ಜೊತೆ ನಂಟಿರುವವರು ಒಂದು ಗಡುವನ್ನು ಗೋಡೆಯ ಮೇಲೆ ಬರೆದು ಅಂಟಿಸಿ: ಹೊರದೇಶದಲ್ಲಿ ಹುಟ್ಟಿ, ಹುಟ್ಟಿನಿಂದಲೇ ಇನ್ನೊಂದು ಪೌರತ್ವವೂ ಬಂದ ಮಗುವಿಗೆ, ಮೂರು ತಿಂಗಳೊಳಗೆ ಜಪಾನ್ ಕಾನ್ಸುಲೇಟ್‌ನಲ್ಲಿ ಜನನ ವರದಿಯ ಜೊತೆಗೇ ‘ಪೌರತ್ವ ಕಾಯ್ದಿರಿಸುತ್ತೇವೆ’ ಅಂತ ಬರೆದುಕೊಡಬೇಕು. ತಪ್ಪಿದರೆ ಹುಟ್ಟಿದ ದಿನದಿಂದಲೇ ಪೌರತ್ವ ಹೋಯಿತು. ಹದಿನೆಂಟರ ಒಳಗೆ ಮರಳಿ ಪಡೆಯಲು ದಾರಿ ಇದೆ, ಆದರೆ ಅದಕ್ಕೆ ಮಗು ಜಪಾನಿನಲ್ಲಿ ವಾಸವಿರಬೇಕು.

ಬಾಣಂತನದಲ್ಲಿ ಮೂರು ತಿಂಗಳು ಹೇಗೆ ಹೋಗುತ್ತದೆ ಅಂತ ಗೊತ್ತಲ್ಲ. ಮಗುವಿಗೆ ಹೆಸರು ಇಡುವ ಮೊದಲೇ ಜನನ ನೋಂದಣಿ ಆಗಿರುತ್ತದೆ, ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ. ನಾಮಕರಣಕ್ಕೆ ಒಳ್ಳೆಯ ದಿನ ಹುಡುಕುತ್ತಾ ಕೂರಬೇಡಿ. ಹೆಸರು ತೀರ್ಮಾನಿಸಿ, ನೋಂದಣಿಯಲ್ಲಿ ಸೇರಿಸಿಬಿಡಿ. ತೊಟ್ಟಿಲ ಶಾಸ್ತ್ರ ಆಮೇಲೂ ಮಾಡಬಹುದು.

ಅಬುಧಾಬಿಯಿಂದ

ಹಾಸನದವನು ನಾನು, ಹೆಂಡತಿ ಫಿಲಿಪೀನ್ಸ್‌ನವಳು. ಇಲ್ಲಿ ನಿಯಮ ಬೇರೆ. ಎಮಿರೇಟ್ಸ್‌ನಲ್ಲಿ ಹುಟ್ಟಿದರೂ ನಮ್ಮಂಥವರ ಮಗುವಿಗೆ ಇಲ್ಲಿನ ಪೌರತ್ವ ಇಲ್ಲ. ಹುಟ್ಟಿದ 120 ದಿನದೊಳಗೆ ಯಾವುದಾದರೂ ಒಂದು ಪಾಸ್‌ಪೋರ್ಟ್ ಮಾಡಿಸಿ ಅದರ ಮೇಲೆ ವಾಸದ ವೀಸಾ ಪಡೆಯಬೇಕು, ಇಲ್ಲವಾದರೆ ದಂಡ. ಮಗ ನನ್ನ ಸ್ಪಾನ್ಸರ್‌ಶಿಪ್‌ನಲ್ಲಿ ಇರುತ್ತಾನೆ, ಶಾಲೆ ಮುಂದೆ ಊರಲ್ಲೇ ಅಂತ ನಾವು ಭಾರತದ್ದನ್ನು ಆರಿಸಿಕೊಂಡೆವು. ಮೇಲಿನವರು ಹೇಳಿದ್ದಕ್ಕೆ ಇದು ಉಲ್ಟಾ ಅನ್ನಿಸಬಹುದು, ನಮ್ಮ ಬದುಕು ಇರುವುದು ಹೀಗೆ.

ನಾನು ಹೇಳಬೇಕೆಂದಿದ್ದು ಹೆಸರಿನ ಬಗ್ಗೆ. ನಮ್ಮ ಕಡೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ಹೆಸರು. ಮನೆತನದ ಹೆಸರು ಅಂತ ಒಂದಿಲ್ಲ. ಹೆಂಡತಿಯ ಕಡೆ ಅಮ್ಮನ ತವರಿನ ಹೆಸರು ಮಧ್ಯದಲ್ಲಿ ಬರುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಕಾಲಂ ಖಾಲಿ ಬಿಟ್ಟು ಒಂದೇ ಹೆಸರು ಬರೆಸಿದರೆ ಮುಂದೆ ಕಾಟ. 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಎಮಿರೇಟ್ಸ್ ಸಂದರ್ಶಕ ವೀಸಾವನ್ನೇ ಕೊಡುತ್ತಿಲ್ಲ. ನಿಮ್ಮ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲಿ ಏನಿದೆ, ಮದುವೆ ಪ್ರಮಾಣಪತ್ರದಲ್ಲಿ ಏನಿದೆ, ಮಗಳ ಜನನ ಪ್ರಮಾಣಪತ್ರದಲ್ಲಿ ಅಮ್ಮನ ಹೆಸರು ಹೇಗಿದೆ, ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ‘ಲಕ್ಷ್ಮಿ’ಯ ಕೊನೆಯಲ್ಲಿ ಒಂದು ಕಡೆ ಐ, ಒಂದು ಕಡೆ ವೈ ಇದ್ದರೆ ಈಗಲೇ ಸರಿ ಮಾಡಿಸಿ. ಓಸಿಐ ಅರ್ಜಿ ಹಾಕಿದ ಮೇಲೆ ಅಫಿಡವಿಟ್ ಮಾಡಿಸಲು ಓಡಾಡುವುದಕ್ಕಿಂತ ಮೊದಲೇ ಒಂದು ದಿನ ಕೆಟ್ಟರೆ ಪರವಾಗಿಲ್ಲ.

ಮಂಗಳೂರಿನಿಂದ

ಎಲ್ಲರೂ ಒಟ್ಟಿಗಿರುವ ಸಂಸಾರದ ಬಗ್ಗೆ ಬರೆದಿದ್ದಾರೆ. ನಾನು ಬೇರೆಯಾದವಳು, ನನ್ನ ಮಗನ ಅಪ್ಪ ಬ್ರಿಟನ್ನಿನವರು. ಅಪಶಕುನ ಅಂದುಕೊಳ್ಳದೆ ಓದಿ.

ಮಗುವನ್ನು ಒಬ್ಬರೇ ಕರೆದುಕೊಂಡು ಗಡಿ ದಾಟುವಾಗ ಇನ್ನೊಬ್ಬರ ಒಪ್ಪಿಗೆ ಪತ್ರ, ನೋಟರಿ ಮಾಡಿಸಿದ್ದು, ಕೈಯಲ್ಲಿರಲಿ. ಎಲ್ಲಾ ಕಡೆ ಕೇಳುವುದಿಲ್ಲ. ಕೇಳಿದ ಕಡೆ ಇಲ್ಲ ಅಂದರೆ ಕಷ್ಟ, ಅದರಲ್ಲೂ ಅಮ್ಮನ ಹೆಸರು ಬೇರೆ, ಮಗುವಿನ ಹೆಸರು ಬೇರೆ ಆಗಿದ್ದರೆ. ಮಕ್ಕಳನ್ನು ಒಬ್ಬರೇ ಬೇರೆ ದೇಶಕ್ಕೆ ಕೊಂಡೊಯ್ದಾಗ ವಾಪಸ್ ಕಳಿಸುವ ಬಗ್ಗೆ 1980ರ ಹೇಗ್ ಒಪ್ಪಂದವೊಂದಿದೆ, ಭಾರತ ಅದಕ್ಕೆ ಸೇರಿಲ್ಲ. ಭಾರತಕ್ಕೆ ಹೊರಟ ಅಮ್ಮಂದಿರನ್ನು ಅಲ್ಲಿಯ ವಕೀಲರು, ಕೋರ್ಟುಗಳು ಸಂಶಯದಿಂದ ನೋಡುವುದಕ್ಕೆ ಅದೂ ಒಂದು ಕಾರಣ. ಭಾರತದಲ್ಲಿ ಮಗುವಿನ ಪಾಸ್‌ಪೋರ್ಟಿಗೆ ಇಬ್ಬರೂ ಅನೆಕ್ಶರ್ ಡಿ ಅನ್ನುವ ಒಪ್ಪಿಗೆಯ ನಮೂನೆಗೆ ಸಹಿ ಮಾಡಬೇಕು. ಒಬ್ಬರು ಮಾಡದಿದ್ದರೆ ಅನೆಕ್ಶರ್ ಸಿ, ಅದಕ್ಕೆ ಕಾರಣ ಬರೆಯಬೇಕು.

ಮದುವೆಯ ಮೂಲಕ ಓಸಿಐ ಪಡೆದವರ ಮದುವೆ ಮುರಿದರೆ ಆ ಓಸಿಐಯನ್ನೂ ರದ್ದು ಮಾಡಬಹುದು. ಮಗುವಿನದ್ದು ರಕ್ತಸಂಬಂಧದಿಂದ ಬಂದದ್ದು, ಅದಕ್ಕೆ ಏನೂ ಆಗುವುದಿಲ್ಲ. ಮೈಸೂರಿನಲ್ಲಿ ನಿಮ್ಮ ಯಜಮಾನರು ಕೆಲಸ, ಮನೆ ಅಂತ ಬೇರೂರುವ ಮೊದಲು ಇದು ಇಬ್ಬರಿಗೂ ಗೊತ್ತಿರುವುದು ಒಳ್ಳೆಯದು. ಮಗುವಿನ ಮೂಲ ದಾಖಲೆಗಳು ಎಲ್ಲಿವೆ ಅಂತ ಇಬ್ಬರಿಗೂ ತಿಳಿದಿರಲಿ, ಸ್ಕ್ಯಾನ್ ಪ್ರತಿ ಇಬ್ಬರ ಬಳಿಯೂ ಇರಲಿ.

ಕೇಳಿದವರು, ಮ್ಯೂನಿಕ್‌ನಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳಿಗೆ ಜರ್ಮನ್ ಪಾಸ್‌ಪೋರ್ಟ್ ಮತ್ತು ಓಸಿಐ, ಗಂಡನಿಗೆ ಎರಡು ವರ್ಷ ತುಂಬಿದ ಮೇಲೆ ಓಸಿಐ ತಗೊಂಡೇ ಹೊರಡುವುದು ಅಂತ ತೀರ್ಮಾನಿಸಿದೆವು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ, ‘ಬಂದು ಹೋಗೋಕೆ ತೊಂದರೆ ಇಲ್ಲ ತಾನೇ’ ಅಂದರು, ಅಷ್ಟೇ. ಎರಡು ಸಂಶಯ ಉಳಿದಿದೆ. ಮುಂದೆ ನಾನೂ ಜರ್ಮನ್ ಪೌರತ್ವ ತಗೊಂಡರೆ? ಮಗಳ ಪಾಸ್‌ಪೋರ್ಟ್ ಬದಲಾದಾಗಲೆಲ್ಲ ಓಸಿಐಯನ್ನೂ ಹೊಸದಾಗಿ ಮಾಡಿಸಬೇಕಾ?

ಫ್ರಾಂಕ್‌ಫರ್ಟ್‌ನಿಂದ

ಮೊದಲನೆಯದು: ಜರ್ಮನಿ ನಿಮ್ಮ ಭಾರತದ ಪೌರತ್ವ ಬಿಡಿ ಅನ್ನುವುದಿಲ್ಲ, ಆದರೆ ನಮ್ಮ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಅದು ಆ ದಿನವೇ ಹೋಗುತ್ತದೆ. ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆದು, ನೀವೂ ಓಸಿಐಗೆ ಅರ್ಜಿ ಹಾಕುವುದು. ಹಳೆಯದನ್ನು ಸುಮ್ಮನೆ ಇಟ್ಟುಕೊಂಡು ಅದರಲ್ಲೇ ಓಡಾಡಿದರೆ ದಂಡ ಬೀಳುತ್ತದೆ.

ಎರಡನೆಯದು: ಬೇಡ. ಮಕ್ಕಳ ಪುಟ್ಟ ಪಾಸ್‌ಪೋರ್ಟನ್ನು ಜರ್ಮನಿ 2024ರಿಂದ ನಿಲ್ಲಿಸಿತು, ಈಗ ಮಕ್ಕಳಿಗೂ ಮಾಮೂಲಿ ಪಾಸ್‌ಪೋರ್ಟ್, ಆರು ವರ್ಷಕ್ಕೆ. ಮಗುವಿನ ಮುಖ ಗುರುತು ಸಿಗದಷ್ಟು ಬದಲಾದರೆ ಮೊದಲೇ ಹೊಸದು ಮಾಡಿಸಬೇಕಾಗಬಹುದು. ಪ್ರತಿ ಸಲ ಹೊಸ ಪಾಸ್‌ಪೋರ್ಟ್ ಬಂದಾಗ ಮೂರು ತಿಂಗಳೊಳಗೆ ಅದರ ಪ್ರತಿ ಮತ್ತು ಹೊಸ ಫೋಟೊವನ್ನು ಓಸಿಐ ವೆಬ್‌ಸೈಟಿಗೆ ಏರಿಸಿದರೆ ಸಾಕು, ಅದಕ್ಕೆ ಶುಲ್ಕ ಇಲ್ಲ. ಇಪ್ಪತ್ತು ತುಂಬಿದ ಮೇಲಿನ ಪಾಸ್‌ಪೋರ್ಟಿಗೆ ಒಂದು ಸಲ ಮಾತ್ರ ಓಸಿಐ ಹೊಸದು. ನಿಮ್ಮ ಯಜಮಾನರು ಏರಿಸುವಾಗ ಮದುವೆ ಊರ್ಜಿತದಲ್ಲಿದೆ ಅಂತ ಒಂದು ಘೋಷಣೆಯನ್ನೂ ಸೇರಿಸಬೇಕು. ಓಸಿಐ ಮೇಲೆ ನಮೂದಾಗಿರುವ ಹಳೆಯ ಪಾಸ್‌ಪೋರ್ಟನ್ನು ಪ್ರಯಾಣದಲ್ಲಿ ಹೊತ್ತುಕೊಂಡು ಹೋಗಬೇಕೆಂಬ ನಿಯಮ 2021ರಲ್ಲಿ ಹೋಯಿತು. ನಾನಂತೂ ಈಗಲೂ ಮಗನದ್ದನ್ನು ಕೈಚೀಲದಲ್ಲಿ ಇಟ್ಟುಕೊಂಡೇ ಹೊರಡುತ್ತೇನೆ, ಚೆಕ್-ಇನ್ ಕೌಂಟರಿನಲ್ಲಿ ಕೂತವರಿಗೆ ಆ ಸುದ್ದಿ ತಲುಪಿದೆಯೋ ಇಲ್ಲವೋ ಯಾರಿಗೆ ಗೊತ್ತು.